ಹಳೇ ಕಾರಿನ ಜೀರ್ಣೋದ್ಧಾರ ಸಮಿತಿ

ಹಳೇ ಸ್ಪೋರ್ಟ್ಸ್ ಕಾರು ಕೊಂಡವನ ಮನೆಗೆ ಕಾರು ಬರುವ ಮುಂಚೆಯೇ ಸಮಿತಿ ಬಂದಿರುತ್ತದೆ. ಯಾರೂ ಕರೆದಿರುವುದಿಲ್ಲ, ಒಬ್ಬರೂ ಕಾಸು ಬಿಚ್ಚುವುದಿಲ್ಲ, ಆದರೆ ಎಲ್ಲರೂ ಪದಾಧಿಕಾರಿಗಳೇ. ಸಮಿತಿಯಲ್ಲಿ ಎರಡು ಪಂಗಡ. ಕಂಪನಿ ಗೇಟು ದಾಟಿದ ದಿನ ಕಾರು ಹೇಗಿತ್ತೋ ಹಾಗೇ ಆಗಬೇಕು, ಒಂದು ಬೋಲ್ಟು ಆಚೀಚೆ ಆದರೂ ಮೈಲಿಗೆ ಅನ್ನುವವರು ಮಡಿ ಪಂಗಡ. ಹಳೇದರಲ್ಲಿ ಏನಿದೆ ಮಣ್ಣು, ಎಂಜಿನ್ ಕಿತ್ತು ಬಿಸಾಕಿ ಹೊಸದು ಕೂರಿಸಿ, ಅಗಲದ ಟೈರು ಹಾಕಿ, ಸೈಲೆನ್ಸರಿನ ಬಾಯಿ ಬಿಡಿಸಿ ಅನ್ನುವವರು ಮಾಡಿಫೈ ಪಂಗಡ. ಎರಡೂ ಪಂಗಡಗಳು ಒಂದೇ ವಿಷಯದಲ್ಲಿ ಒಮ್ಮತಕ್ಕೆ ಬರುತ್ತವೆ: ಖರ್ಚು ನಿಮ್ಮದು.

ಇಂಥದ್ದೊಂದು ಸಮಿತಿ ಬೆಂಗಳೂರಿನ ಇಂದಿರಾನಗರದಲ್ಲಿ ಹುಟ್ಟಿದರೆ ಯಾರಿಗೂ ಆಶ್ಚರ್ಯವಿಲ್ಲ. ಅದು ಹಂಗಳದಲ್ಲಿ, ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹುಟ್ಟಿತು. ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೋಗುವವರಿಗೆ ಹಂಗಳ ಅಂದರೆ ಗೋಪಾಲಸ್ವಾಮಿ ಬೆಟ್ಟಕ್ಕೆ ಬಲಕ್ಕೆ ತಿರುಗುವ ಜಾಗ, ಅಷ್ಟೇ. ತಿರುಗದವರು ನೇರ ಬಂಡೀಪುರಕ್ಕೆ ಹೋಗುತ್ತಾರೆ. ನಿಲ್ಲುವವರು ಟೀ ಕುಡಿಯೋದಕ್ಕೋ, ಚೆಂಡು ಹೂವಿನ ಹೊಲದೊಳಗೆ ನುಗ್ಗಿ ಫೋಟೊ ತೆಗೆಸಿಕೊಳ್ಳೋದಕ್ಕೋ ನಿಲ್ಲುತ್ತಾರೆ. ನಮ್ಮೂರಲ್ಲಿ ಕಾರು ನಿಲ್ಲಿಸಿ ಹೋದವರಿದ್ದಾರೆ, ಕಾರು ಬಿಟ್ಟು ಹೋದವನು ನನ್ನ ಭಾಮೈದ ಒಬ್ಬನೇ.

ಭಾಮೈದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಅವನ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲಾಟಿಗೆ ಒಂದೇ ಪಾರ್ಕಿಂಗು. ಅದರಲ್ಲಿ ಹೆಂಡತಿಯ ಕಾರು ನಿಂತಿದೆ, ಅದನ್ನು ಅಲ್ಲಾಡಿಸುವ ಧೈರ್ಯ ಅವನಿಗಿಲ್ಲ. ಹಾಗಾಗಿ ಎಲ್ಲಿಂದಲೋ ಕೊಂಡುತಂದ ಕಾರನ್ನು ಈರುಳ್ಳಿ ಲೋಡು ಇಳಿಸಿ ವಾಪಸು ಬರುತ್ತಿದ್ದ ಲಾರಿಯ ಮೇಲೆ ಹೇರಿ ನಮ್ಮ ಕೊಟ್ಟಿಗೆಗೆ ಸಾಗಹಾಕಿದ. "ಭಾವ, ಒಂದ್ ಎರಡು ತಿಂಗಳು, ಅಷ್ಟೇ" ಅಂದ. ಹಸು ಒಂದು ಗೂಟ ಪಕ್ಕಕ್ಕೆ ಸರಿಯಿತು.

ಕಾರು ಸ್ಯಾನ್ ಸ್ಟಾರ್ಮ್. ಹೆಸರು ಕೇಳದವರಿಗೆ ಹೇಳುತ್ತೇನೆ. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಅನ್ನುವ ಕಂಪನಿಯ ಮರಿ ಕಂಪನಿ 1998ರಲ್ಲಿ ಗೋವಾದ ವೆರ್ಣದಲ್ಲಿ ಕಟ್ಟಿ ಮಾರಿದ ಎರಡು ಸೀಟಿನ ಕಾರು ಇದು. ಮೈ ಪೂರಾ ಫೈಬರ್, ಮೇಲ್ಗಡೆ ಬಿಚ್ಚಿಡಬಹುದಾದ ಟಾಪು. ಎಂಜಿನ್ನು ಫ್ರಾನ್ಸಿನ ರೆನೊ ಕಂಪನಿಯದು, 1149 ಸಿಸಿ, ಸುಮಾರು 60 ಅಶ್ವಶಕ್ತಿ. ಇವತ್ತು ಗುಂಡ್ಲುಪೇಟೆಯಲ್ಲಿ ಬಾಡಿಗೆಗೆ ಓಡುವ ಸ್ವಿಫ್ಟು ಏರಿನಲ್ಲಿ ಇದನ್ನು ಹಿಂದೆ ಹಾಕಿ, ಮುಂದೆ ನಿಂತು ಎಳನೀರು ಕುಡಿಯುತ್ತಾ ಕಾಯಬಹುದು. ಆದರೂ ಇದು ಸ್ಪೋರ್ಟ್ಸ್ ಕಾರು. ಯಾಕೆಂದರೆ ಇದರಲ್ಲಿ ಅತ್ತೆಯನ್ನು ಕೂರಿಸಲು ಜಾಗವಿಲ್ಲ.

ಮೊದಲ ದಿನವೇ ಬಂದು ನೋಡಿದ ನಮ್ಮ ದೊಡ್ಡಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು: "ಅಲ್ಲ ಕಣಪ್ಪ, ಮುಚ್ಚೇ ಇಲ್ವಲ್ಲ. ಮಳೆ ಬಂದರ ಏನ್ಮಾಡೀಯೆ?" ಭಾಮೈದ ಕನ್ವರ್ಟಿಬಲ್ಲಿನ ಮಹಿಮೆ ವಿವರಿಸಿದ. ದೊಡ್ಡಪ್ಪ ಪೂರಾ ಕೇಳಿಸಿಕೊಂಡು, "ಅಂಗಾರ ನಮ್ಮ ಟ್ರ್ಯಾಕ್ಟರೂ ಅದೇಯ" ಅಂದರು.

ಮಡಿ ಪಂಗಡದವರು ಭಾನುವಾರ ಬಂದರು. ಬೆಂಗಳೂರಿನಿಂದ ಇಬ್ಬರು, ಮೈಸೂರಿನಿಂದ ಒಬ್ಬರು, ಕೈಯಲ್ಲಿ ಟಾರ್ಚು. ನಮ್ಮೂರಿನವರು ಹೆಣ್ಣು ನೋಡೋಕೆ ಹೋದಾಗಲೂ ಇಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ. ಎಂಜಿನ್ ನಂಬರು, ಛಾಸಿ ನಂಬರು ತಾಳೆಯಾಯಿತು. ಆಮೇಲೆ ಒಬ್ಬರು ಬಾಗಿಲ ಬಳಿ ಬಗ್ಗಿ, "ಈ ಸ್ಕ್ರೂ ಒರಿಜಿನಲ್ ಅಲ್ಲ" ಅಂದರು. ಕೊಟ್ಟಿಗೆಯಲ್ಲಿ ಸಾವಿನ ಮನೆಯ ಮೌನ. ಹಾರ್ನು? ಬದಲಾಗಿದೆ. ಕನ್ನಡಿ? ಬೇರೆ ಗಾಡಿಯದು. ಬಣ್ಣ? ಕೆಳಗಿನ ಬಣ್ಣ ಬೇರೆ ಇದೆ, ಉಜ್ಜಿ ನೋಡಬೇಕು. ಅವರು ಕೊಟ್ಟ ಪಟ್ಟಿಯನ್ನು ಭಾಮೈದ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

ಈ ಒರಿಜಿನಲ್ ಅನ್ನುವ ದೇವರ ಬಗ್ಗೆ ಎರಡು ಮಾತು. ಸಣ್ಣ ಕಂಪನಿಗಳು ಕಾರು ಕಟ್ಟುವಾಗ ಪ್ರತಿಯೊಂದು ಸಾಮಾನನ್ನೂ ತಾವೇ ಎರಕ ಹೊಯ್ದು ಮಾಡುತ್ತಿರಲಿಲ್ಲ. ದೊಡ್ಡ ಕಂಪನಿಗಳ ಗೋಡೌನಿಗೆ ಹೋಗಿ ಸಿಕ್ಕಿದ ದೀಪ, ಹಿಡಿ, ಸ್ವಿಚ್ಚು ತಂದು ಜೋಡಿಸುತ್ತಿದ್ದರು. ಜೇಮ್ಸ್ ಬಾಂಡ್ ನೀರೊಳಗೆ ಓಡಿಸಿದ ಲೋಟಸ್ ಎಸ್ಪ್ರಿಯ ಬಾಗಿಲ ಹಿಡಿ ಮೊರಿಸ್ ಮರೀನಾ ಅನ್ನುವ ಬಡಪಾಯಿ ಸಂಸಾರಸ್ಥ ಕಾರಿನದು. ಆಸ್ಟನ್ ಮಾರ್ಟಿನ್ ವಿರಾಜ್ ಕಾರಿನ ಹಿಂದಿನ ದೀಪ ಫೋಕ್ಸ್‌ವ್ಯಾಗನ್ನಿನದು. ಒಟ್ಟು 106 ಮಾತ್ರ ತಯಾರಾದ, ಈಗ ಕೋಟಿಗಳ ಲೆಕ್ಕದಲ್ಲಿ ಹರಾಜಾಗುವ ಮೆಕ್‌ಲಾರೆನ್ ಎಫ್1 ಇದೆಯಲ್ಲ, ಅದರ ಹಿಂದಿನ ದೀಪ ಡಚ್ ಕಂಪನಿಯೊಂದರ ಬಸ್ಸಿನದು. ಬಸ್ಸಿನ ದೀಪ ಮೆಕ್‌ಲಾರೆನ್ನಿನವರು ಹಾಕಿದರೆ ಡಿಸೈನು. ಕೆಎಸ್‌ಆರ್‌ಟಿಸಿ ಬಸ್ಸಿನ ದೀಪ ಗುಂಡ್ಲುಪೇಟೆಯ ಮೆಕ್ಯಾನಿಕ್ಕು ಹಾಕಿದರೆ ಮೈಲಿಗೆ.

ಇನ್ನು ಬಿಡಿಭಾಗ. ಸ್ಟಾರ್ಮಿನ ಎಂಜಿನ್ನು ರೆನೊ ಕ್ಲಿಯೊ, ಟ್ವಿಂಗೊ ಕಾರುಗಳಿಗೆ ಹಾಕುತ್ತಿದ್ದದ್ದು. ಆ ಎರಡು ಕಾರುಗಳೂ ನಮ್ಮ ದೇಶದ ಷೋರೂಮುಗಳಿಗೆ ಬರಲೇ ಇಲ್ಲ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಯುದ್ಧಕಾಲದ ಜೀಪಿಗೂ ಸಾಮಾನು ಸಿಗುತ್ತದೆ, ಶಿವಾಜಿನಗರದ ಗುಜರಿಯಲ್ಲಿ ನೀವು ಬೆಳಿಗ್ಗೆ ಕಳೆದುಕೊಂಡದ್ದೇ ಸಂಜೆ ಸಿಗುತ್ತದೆ ಅನ್ನುವ ಮಾತೂ ಇದೆ. ಆದರೆ ಟ್ವಿಂಗೊ ಬರದ ದೇಶದಲ್ಲಿ ಟ್ವಿಂಗೊ ಸಾಮಾನು ಯಾವ ಗುಜರಿಯಲ್ಲಿ ಸಿಕ್ಕೀತು? ಫ್ರಾನ್ಸಿನಿಂದ ತರಿಸಬೇಕು. ಸಾಮಾನಿನ ಬೆಲೆಗಿಂತ ಸಾಗಣೆ ಹೆಚ್ಚು, ಸಾಗಣೆಗಿಂತ ಸುಂಕ ಹೆಚ್ಚು. ಮಡಿ ಪಂಗಡದವರು ಇದನ್ನು ಕೇಳಿ ಸಂತೋಷಪಟ್ಟರು. ಕಷ್ಟಪಟ್ಟಷ್ಟೂ ಪುಣ್ಯ.

ಮುಂದಿನ ವಾರ ಮಾಡಿಫೈ ಪಂಗಡ. ಇವರ ಸರಾಸರಿ ವಯಸ್ಸು ಇಪ್ಪತ್ತನಾಲ್ಕು. ಊರಿಗೆ ಬರುವ ಮುಂಚೆಯೇ ಸದ್ದು ಬಂತು. ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನ ತನಕ ಕೇಳಿಸಿರಬೇಕು. ಅವರ ಪ್ರಕಾರ ಕೆಲಸ ಬಹಳ ಸರಳ. ರೆನೊ ಎಂಜಿನ್ ಗುಜರಿಗೆ, ಅದರ ಜಾಗಕ್ಕೆ ಟರ್ಬೊ. ಹಿಂದೆ ರೆಕ್ಕೆ. ಕೆಳಗೆ ನೀಲಿ ಲೈಟು. ಫೈಬರ್ ಮೈ ತಾನೆ, ಎಲ್ಲಿ ಬೇಕಾದರೂ ಕೊಯ್ಯಬಹುದು, ಅಂಟಿಸಬಹುದು. ಜಪಾನಿನ ಅಕಿರಾ ನಕಾಯ್ ಪೋರ್ಷೆ ಕಾರಿನ ಮಡ್ಗಾರ್ಡನ್ನೇ ಗರಗಸದಲ್ಲಿ ಕೊಯ್ದು ಅಗಲ ಮಾಡುತ್ತಾನೆ, ಜನ ಅವನ ಸರತಿಗೆ ಕಾಯುತ್ತಾರೆ ಅಂತ ಒಬ್ಬ ಹೇಳಿದ. ನಿಜವೇ. ಆದರೆ ನಕಾಯ್ ಕೊಯ್ಯುವ ಪೋರ್ಷೆ 911 ಲಕ್ಷಗಟ್ಟಲೆ ಇವೆ. ಒಂದು ಕೆಟ್ಟರೆ ಇನ್ನೊಂದು ಸಿಗುತ್ತದೆ. ಇದನ್ನು ಹೇಳುವಷ್ಟರಲ್ಲಿ ಆ ಹುಡುಗ ಹಸುವಿನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ.

ಕಾನೂನು ಏನನ್ನುತ್ತದೆ ಅಂತ ಕೇಳಿದೆ. ನಕ್ಕರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಆಲ್ಟರ್ ಮಾಡಕೂಡದು ಅನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಕೇಸೊಂದರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಆಲ್ಟರೇಷನ್ನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬರೆದರು. ಬಣ್ಣ ಬದಲಿಸುವಂಥ ಚಿಲ್ಲರೆ ಕೆಲಸಕ್ಕೆ ಮಾಫಿ ಇದೆ. ಇಷ್ಟೆಲ್ಲ ಇದ್ದೂ ಪಟಾಕಿ ಹೊಡೆಯುವ ಸೈಲೆನ್ಸರ್ ಮಾರುವ ಅಂಗಡಿ ಹಾಡಹಗಲೇ, ಬೋರ್ಡು ಹಾಕಿಕೊಂಡು, ಜಿಎಸ್‌ಟಿ ಬಿಲ್ಲು ಕೊಟ್ಟು ನಡೆಯುತ್ತದೆ. ಮಾರುವವನಿಗೆ ಬಿಲ್ಲು, ಹಾಕಿಕೊಂಡವನಿಗೆ ದಂಡ. ವರ್ಷಕ್ಕೊಮ್ಮೆ ಯಾವುದಾದರೂ ಜಿಲ್ಲೆಯ ಪೊಲೀಸರು ಹಿಡಿದ ಸೈಲೆನ್ಸರುಗಳನ್ನೆಲ್ಲ ರಸ್ತೆಯಲ್ಲಿ ಸಾಲಾಗಿ ಮಲಗಿಸಿ ಅದರ ಮೇಲೆ ರೋಡ್‌ರೋಲರ್ ಹತ್ತಿಸುತ್ತಾರೆ. ಮಾರನೆಯ ದಿನದ ಪೇಪರಿನಲ್ಲಿ ಫೋಟೊ. ಅಂಗಡಿಯವನು ಅದನ್ನು ನೋಡಿ ಹೊಸ ಸ್ಟಾಕಿಗೆ ಆರ್ಡರು ಕೊಡುತ್ತಾನೆ.

ಅಂದಹಾಗೆ, ಬೆಂಗಳೂರಿನ ದುಬಾರಿ ಕಾರುಗಳಲ್ಲಿ ಅತಿ ಹೆಚ್ಚು ನಡೆಯುವ ಮಾಡಿಫಿಕೇಷನ್ನು ಎಂಜಿನ್ನಿನದಲ್ಲ, ನಂಬರ್ ಪ್ಲೇಟಿನದು. 20 ಲಕ್ಷಕ್ಕಿಂತ ಮೇಲಿನ ಕಾರಿಗೆ ಕರ್ನಾಟಕದಲ್ಲಿ 18 ಪರ್ಸೆಂಟ್ ಜೀವಿತಾವಧಿ ತೆರಿಗೆ. ಹಾಗಾಗಿ ಕಾರು ಇಲ್ಲೇ ಇರುತ್ತದೆ, ಇಲ್ಲೇ ಓಡುತ್ತದೆ, ಹುಟ್ಟಿದ್ದು ಮಾತ್ರ ಬೇರೆ ರಾಜ್ಯದಲ್ಲಿ. 2025ರ ಜುಲೈಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಮಹಾರಾಷ್ಟ್ರದ ನಂಬರಿನ ಕೆಂಪು ಫೆರಾರಿಯೊಂದನ್ನು ಹಿಡಿದು ದಂಡ ಸೇರಿಸಿ 1.41 ಕೋಟಿ ಕಟ್ಟಿಸಿಕೊಂಡರು. ಅದೇ ದಿನ ಕಟ್ಟಿದರಂತೆ. ನಮ್ಮೂರ ಟೀ ಅಂಗಡಿಯಲ್ಲಿ ಅವತ್ತು ಚರ್ಚೆ ಫೆರಾರಿಯದಲ್ಲ, ಅಷ್ಟು ದುಡ್ಡು ಅದೇ ದಿನ ಎಲ್ಲಿಂದ ಬಂತು ಅನ್ನುವುದು.

ಮಡಿ, ಮಾಡಿಫೈ ಪಂಗಡಗಳ ನಡುವೆ ಸಿಕ್ಕಿದ ಭಾಮೈದ ಮೂರನೆಯ ಒಂದು ದಾರಿ ಹುಡುಕಿದ. ವಿಂಟೇಜ್ ನಂಬರು. ಕೇಂದ್ರ ಸರ್ಕಾರ 2021ರಲ್ಲಿ ಹಳೇ ಗಾಡಿಗಳಿಗೆ ಪ್ರತ್ಯೇಕ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಛಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 20,000 ಕಟ್ಟಿದರೆ ನಂಬರಿನಲ್ಲಿ 'ವಿಎ' ಅನ್ನುವ ಎರಡಕ್ಷರ ಸೇರಿಸಿ ಹತ್ತು ವರ್ಷಕ್ಕೆ ಕೊಡುತ್ತಾರೆ. ಆಮೇಲೆ 5,000. ಕೇಳೋಕೆ ಚೆನ್ನಾಗಿದೆ. ಆದರೆ ಆ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಷ್ಟಕ್ಕೆ ಮಾತ್ರ. ಅಂದರೆ ಪೆಟ್ರೋಲ್ ಹಾಕಿಸೋಕೆ ಓಡಿಸಬಹುದು, ಹಾಕಿಸಿದ ಪೆಟ್ರೋಲು ಖರ್ಚು ಮಾಡಲು ಪ್ರದರ್ಶನ ಇರುವ ತನಕ ಕಾಯಬೇಕು. ನಮ್ಮ ಸ್ಟಾರ್ಮಿಗೆ ಈ ಭಾಗ್ಯ 1998ಕ್ಕೆ 50 ಕೂಡಿಸಿದ ಮೇಲೆ, 2048ರಲ್ಲಿ. ಅಲ್ಲಿಯ ತನಕ ಹದಿನೈದು ವರ್ಷ ದಾಟಿದ ಎಲ್ಲ ಮಾಮೂಲಿ ಗಾಡಿಗಳ ಸಾಲಿನಲ್ಲಿ ನಿಂತು ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್. 2022ರ ಏಪ್ರಿಲ್‌ವರೆಗೆ ಕಾರಿಗೆ 600 ಇದ್ದ ಆ ಶುಲ್ಕ ಒಂದೇ ನೆಗೆತಕ್ಕೆ 5,000 ಆಯಿತು. ಐವತ್ತು ತುಂಬುವ ಮೊದಲು ಗುಜರಿ, ತುಂಬಿದ ಮೇಲೆ ಪರಂಪರೆ. ಮಧ್ಯವಯಸ್ಸಿನವರನ್ನು ಸರ್ಕಾರ ಯಾವ ಇಲಾಖೆಯಲ್ಲೂ ಪ್ರೀತಿಸುವುದಿಲ್ಲ.

ಸಮಿತಿಗೆ ಜೀರ್ಣೋದ್ಧಾರದ ಹೆಸರು ಇಟ್ಟವನು ನಾನೇ. ನಮ್ಮ ಸೀಮೆಯಲ್ಲಿ ದೇವಸ್ಥಾನಗಳಿಗೆ ಆಗುವುದನ್ನು ಕಂಡವರಿಗೆ ವಿವರಿಸಬೇಕಿಲ್ಲ. ಏಳು ನೂರು ವರ್ಷ ಮಳೆ ಗಾಳಿ ತಡೆದ ಕಲ್ಲಿನ ಕಂಬಕ್ಕೆ ಭಕ್ತರು ಹಸಿರು ಆಯಿಲ್ ಪೇಂಟ್ ಬಳಿಯುತ್ತಾರೆ. ಗರ್ಭಗುಡಿಗೆ ಬಚ್ಚಲುಮನೆಯ ಟೈಲ್ಸು. ಶಾಸನದ ಕಲ್ಲನ್ನು ಬಟ್ಟೆ ಒಗೆಯೋಕೆ ಹಾಕಿ, ಅದರ ಜಾಗದಲ್ಲಿ ಚಾಮರಾಜನಗರದ ಕರಿಕಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುತ್ತಾರೆ. ಹಳೇದನ್ನು ಉಳಿಸಿದೆವು ಅನ್ನುವ ಹೆಮ್ಮೆ ಬೇರೆ. ಇತ್ತ ಪುರಾತತ್ವದವರು ಬಂದರೆ ಒಂದು ಹಂಚು ಬದಲಿಸಲೂ ಬಿಡದೆ ನೀಲಿ ಬೋರ್ಡು ನೆಟ್ಟು ಬೀಗ ಹಾಕಿ ಹೋಗುತ್ತಾರೆ. ಒಬ್ಬರು ದೇವರನ್ನು ಸಿಂಗರಿಸಿ ಗುರುತು ಸಿಗದ ಹಾಗೆ ಮಾಡುತ್ತಾರೆ, ಇನ್ನೊಬ್ಬರು ಕಾಪಾಡಿ ದೀಪ ಹಚ್ಚದ ಹಾಗೆ ಮಾಡುತ್ತಾರೆ. ಪೂಜೆ ಬೇಕಾದ ಮುದುಕಿ ಬೀದಿಬದಿಯ ಮುನೇಶ್ವರನ ಹತ್ತಿರ ಹೋಗುತ್ತಾಳೆ.

ನಮ್ಮ ಭಾಗದಲ್ಲಿ ಇಂಥ ಜೀರ್ಣೋದ್ಧಾರವನ್ನು ಗಾಡಿಗಳಲ್ಲಿ ಮೊದಲು ಅನುಭವಿಸಿದ್ದು ಕಾರಲ್ಲ, ಮೈಸೂರಿನ ಜಾವಾ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನಲ್ಲಿ ಬೈಕು ಬಿಡಲು ಶುರುಮಾಡಿ, ಜಾವಾ ಹೋಗಿ ಯೆಜ್ಡಿ ಆಗಿ, 1996ರಲ್ಲಿ ಬಾಗಿಲು ಹಾಕಿತು. ಗುಂಡ್ಲುಪೇಟೆ ಸೀಮೆಯಲ್ಲಿ ಯೆಜ್ಡಿ ರೋಡ್‌ಕಿಂಗು ಅಂದರೆ ಆಗ ಸ್ಪೋರ್ಟ್ಸ್ ಕಾರಿಗೂ ಮಿಗಿಲು. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ, ಎರಡು ಸೈಲೆನ್ಸರು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ನಮ್ಮ ದೊಡ್ಡಪ್ಪನ ಗಾಡಿ ಹಾಲಿನ ಕ್ಯಾನು ಹೊತ್ತಿದೆ, ಬಾಳೆಗೊನೆ ಹೊತ್ತಿದೆ, ಒಂದು ಸಲ ಹೆರಿಗೆ ನೋವಿನ ಸೊಸೆಯನ್ನೂ ಹೊತ್ತಿದೆ. ಲಗೇಜಿಗಾಗಿ ಹಿಂದೆ ಕಬ್ಬಿಣದ ಸ್ಟ್ಯಾಂಡು ವೆಲ್ಡ್ ಮಾಡಿಸಿದ್ದರು. ಆ ವೆಲ್ಡಿಂಗಿಗೆ ಯಾರೂ ಮಾಡಿಫಿಕೇಷನ್ ಅನ್ನಲಿಲ್ಲ.

ಆ ಗಾಡಿಯನ್ನು ಬೆಂಗಳೂರಿನವರೊಬ್ಬರು ಬಂದು ಕೊಂಡುಹೋದರು. ಗುಜರಿ ರೇಟು ಕೊಟ್ಟು, ಮೇಲೊಂದು ಸ್ವೀಟ್ ಬಾಕ್ಸು. ಎರಡು ವರ್ಷದ ನಂತರ ತೋರಿಸಲೆಂದೇ ವ್ಯಾನಿನಲ್ಲಿ ಹೇರಿಕೊಂಡು ತಂದರು. ಟ್ಯಾಂಕಿನಲ್ಲಿ ಮುಖ ಕಾಣುತ್ತಿತ್ತು. ಸ್ಟ್ಯಾಂಡು ಕತ್ತರಿಸಿ ಹಾಕಿದ್ದರು. ದೊಡ್ಡಪ್ಪ ಸೀಟು ಸವರಿ ಕೇಳಿದ್ದು ಒಂದೇ ಪ್ರಶ್ನೆ.

"ಮೈಲೇಜು ಏಟು ಕೊಡ್ತದಪ್ಪ?"

"ಓಡಿಸಲ್ಲ ಅಂಕಲ್. ಜುಲೈನಲ್ಲಿ ಎರಡನೇ ಭಾನುವಾರ ಜಾವಾ ಡೇ ಇರುತ್ತಲ್ಲ, ಅವತ್ತು ಮಾತ್ರ."

"ಅಂಗಾರ ನನ್ ಗಾಡಿ ಮಾರ್ಬಾರ್ದಿತ್ತು ಕಣ ಕೂಸೆ" ಅಂದರು ದೊಡ್ಡಪ್ಪ. "ನಾನು ದಿನಾ ಓಡುಸ್ತಿದ್ದೆ."

ಕಂಪನಿಗಳು ಈ ವಿಷಯದಲ್ಲಿ ನಮಗಿಂತ ಜಾಣರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು. ಮೈಸೂರಿನಿಂದಲ್ಲ, ಮಧ್ಯಪ್ರದೇಶದ ಪೀಥಂಪುರದಿಂದ. ಟೂ ಸ್ಟ್ರೋಕ್ ಹೋಗಿ ಫೋರ್ ಸ್ಟ್ರೋಕ್. ಹೆಸರು ಒರಿಜಿನಲ್, ಉಳಿದದ್ದು ಮಾಡಿಫೈ. ಎರಡೂ ಪಂಗಡಕ್ಕೆ ಒಂದೇ ಏಟಿಗೆ ಸಮಾಧಾನ.

ಪರದೇಶದಲ್ಲಿ ಈಗ ಮೂರನೆಯ ಪಂಗಡವೂ ಹುಟ್ಟಿದೆ ಅಂತ ಮೈಸೂರಿನ ಟಾರ್ಚಿನವರು ಹೇಳಿದರು. ಅವರು ಹಳೇ ಕಾರನ್ನು ಸರಿಮಾಡುವುದೂ ಇಲ್ಲ, ಬದಲಿಸುವುದೂ ಇಲ್ಲ, ಒರೆಸುವುದೂ ಇಲ್ಲ. ಧೂಳು, ತುಕ್ಕು, ಇಲಿ ಕಡಿದ ಸೀಟು, ಎಲ್ಲವೂ ಇತಿಹಾಸ. ಫ್ರಾನ್ಸಿನ ಹಳ್ಳಿಯೊಂದರ ಶೆಡ್ಡುಗಳಲ್ಲಿ ದಶಕಗಟ್ಟಲೆ ಕೊಳೆಯುತ್ತಿದ್ದ ಬಾಯೋಂ ಎಂಬ ಮನೆತನದ ಕಾರುಗಳು 2015ರಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಾದವು. ಹಳೇ ಪತ್ರಿಕೆಗಳ ಗುಡ್ಡೆಯ ಕೆಳಗೆ ಸಿಕ್ಕಿದ, ಒಂದು ಕಾಲಕ್ಕೆ ನಟ ಅಲೆನ್ ಡೆಲೋನ್ ಓಡಿಸಿದ್ದ ಫೆರಾರಿ ಧೂಳಿನ ಸಮೇತ 1.6 ಕೋಟಿ ಯೂರೋಗೂ ಮೇಲೆ ಹೋಯಿತು. ಈ ಸುದ್ದಿ ನಮ್ಮ ಮನೆಯಲ್ಲಿ ಅನಾಹುತಕ್ಕೆ ದಾರಿಯಾಯಿತು. ಅಟ್ಟದ ಮೇಲೆ, ಹಿತ್ತಲಿನಲ್ಲಿ, ಕೊಟ್ಟಿಗೆಯಲ್ಲಿ ಕಸ ಗುಡಿಸುವುದನ್ನು ದೊಡ್ಡಪ್ಪ ಪೂರಾ ನಿಲ್ಲಿಸಿಬಿಟ್ಟರು. ಕೋಳಿ ಸ್ಟಾರ್ಮಿನ ಸೀಟಿನ ಮೇಲೆ ಮೊಟ್ಟೆ ಇಟ್ಟಾಗ ದೊಡ್ಡಮ್ಮ ತೆಗೆಯಲು ಹೋದರೆ, "ಬುಡು ಬುಡು, ರೇಟು ಏರ್ತದೆ" ಅಂದರು.

ವಾದ ಇಷ್ಟು ಬೆಳೆದ ಮೇಲೆ ಗುಂಡ್ಲುಪೇಟೆಯ ಮೆಕ್ಯಾನಿಕ್ಕನ್ನು ಕರೆಸಿದೆವು. ಟ್ರ್ಯಾಕ್ಟರು, ಓಮ್ನಿ, ಟಿವಿಎಸ್ ಎಕ್ಸೆಲ್, ಬೋರ್‌ವೆಲ್ ಮೋಟರು, ಎಲ್ಲಕ್ಕೂ ಅವನೇ. ಈ ಮನುಷ್ಯ ಇಷ್ಟು ವರ್ಷದಲ್ಲಿ ಮಾಡಿದ ಕೆಲಸವನ್ನು ಕೋರ್ಟು ಕಂಡರೆ ಪ್ರತಿ ಗಾಡಿಗೂ ಐದೈದು ಸಾವಿರ ಹಾಕುತ್ತದೆ. ಗೂಡ್ಸ್ ಆಟೊಗೆ ಆಳುಗಳು ಕೂರುವ ಬೆಂಚು ಅವನದೇ, ಅಂಬಾಸಿಡರಿಗೆ ಡೀಸೆಲ್ ಎಂಜಿನ್ನೂ ಅವನದೇ, ಎಕ್ಸೆಲ್ಲಿನ ಮುಂದೆ ಹುಲ್ಲಿನ ಹೊರೆ ನಿಲ್ಲುವ ಕಂಬಿಯೂ ಅವನದೇ. ಮಡಿ ಪಂಗಡ, ಮಾಡಿಫೈ ಪಂಗಡ ಎರಡರ ವಾದವನ್ನೂ ಎಲೆ ಅಡಿಕೆ ಮೆಲ್ಲುತ್ತಾ ಕೇಳಿ, ಉಗಿದು ಬಂದು ಭಾಮೈದನನ್ನು ಕೇಳಿದ.

"ಒರಿಜಿನಲ್ಲು ಬೇಕಾ ಸಾರ್, ಓಡೋದು ಬೇಕಾ?"

ಇಷ್ಟು ವಾರಗಳ ಸಭೆಯಲ್ಲಿ ಓಡುವ ಮಾತು ಎದ್ದದ್ದು ಅದೇ ಮೊದಲು.

ಓಡಿಸಿದರೂ ಎಲ್ಲಿಗೆ ಅನ್ನುವುದು ನಮ್ಮೂರಿನವರ ಪ್ರಶ್ನೆ, ಅದರಲ್ಲಿ ಅರ್ಥವಿದೆ. ಪ್ರತಿ ಭಾನುವಾರ ನಸುಕಿಗೆ ಲಂಬೋರ್ಗಿನಿ, ಪೋರ್ಷೆಗಳ ದಿಬ್ಬಣ ನಮ್ಮ ಮುಂದೆ ಹಾದುಹೋಗುತ್ತದೆ. ಮೈಸೂರಿನಿಂದ ಇಲ್ಲಿಯ ತನಕ ಹಾರಿಕೊಂಡು ಬಂದವು ಕಾಡಿನ ಗೇಟಿನ ಮುಂದೆ ಈರುಳ್ಳಿ ಲಾರಿಯ ಹಿಂದೆ ನಿಲ್ಲುತ್ತವೆ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂಡೀಪುರದ ರಸ್ತೆ ಬಂದ್. ಮುನ್ನೂರು ಅಶ್ವಶಕ್ತಿ ಇದ್ದವನಿಗೂ ಆರೇ ಗಂಟೆ, ಎತ್ತಿನ ಗಾಡಿಯವನಿಗೂ ಆರೇ ಗಂಟೆ. ಗೇಟು ತೆರೆದ ಮೇಲೆ ಹಂಪುಗಳು. ಜಿಂಕೆ ಸಾಯಬಾರದೆಂದು ಹಾಕಿದ ಆ ಹಂಪುಗಳ ಮೇಲೆ ನೆಲಕ್ಕೆ ನಾಲ್ಕು ಬೆರಳು ಎತ್ತರದ ಕಾರು ಅಡ್ಡಡ್ಡ ಹತ್ತಿ ಉಸಿರು ಬಿಗಿಹಿಡಿದು ಇಳಿಯುವುದನ್ನು ನೋಡಲು ಪುಣ್ಯ ಮಾಡಿರಬೇಕು. ಹಿಂದಿನಿಂದ ಎಕ್ಸೆಲ್ಲಿನವನು ಹಾರ್ನ್ ಹೊಡೆದು ದಾಟಿಹೋಗುತ್ತಾನೆ. ಬಂಡೀಪುರ ಬೇಡವೆಂದು ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗಿದರೋ, ಬೆಟ್ಟದ ಬುಡದಲ್ಲೇ ಖಾಸಗಿ ಗಾಡಿಗಳಿಗೆ ತಡೆ. ಕೀಲಿ ಜೇಬಿಗೆ ಹಾಕಿಕೊಂಡು, ಟಿಕೆಟು ತೆಗೆದುಕೊಂಡು, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಮೇಲೆ ಹೋಗಬೇಕು. ಗೋಪಾಲಸ್ವಾಮಿಗೆ ಒರಿಜಿನಲ್ಲೂ ಒಂದೇ, ಮಾಡಿಫೈಯೂ ಒಂದೇ.

ಈಗ ತೀರ್ಪು. ನಗೆಮಾತು ಸಾಕು, ಇದರಲ್ಲಿ ನನಗೊಂದು ನಿಲುವಿದೆ.

ಕಂಪನಿ ಇನ್ನೂ ಬದುಕಿದೆ, ಸಾಮಾನು ಇನ್ನೂ ಸಿಗುತ್ತದೆ, ಅದೇ ಕಾರು ಲೋಕದಲ್ಲಿ ಸಾವಿರಾರು ಇವೆ ಅಂದರೆ ನಿಮ್ಮ ಕಾರು, ನಿಮ್ಮ ಗರಗಸ. ಸದ್ದೊಂದು ಮಾಡಬೇಡಿ, ನಮ್ಮ ಪಕ್ಕ ಆನೆಗಳಿವೆ, ಅವಕ್ಕೆ ನಿದ್ದೆಗೆಡುವುದು ಇಷ್ಟವಿಲ್ಲ. ಆದರೆ ನಮ್ಮ ನೆಲದಲ್ಲಿ ಹುಟ್ಟಿ, ಕಂಪನಿ ಸತ್ತು, ನಕ್ಷೆಯೂ ಸಿಗದ ಗಾಡಿಯಾದರೆ ಲೆಕ್ಕ ಬೇರೆ. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಡಾಲ್ಫಿನ್ ಎಂಬ ಕಾರು ತಂದಿತು. ಅದಕ್ಕೂ ಮುಂಚೆ ಬಾದಲ್ ಅನ್ನುವ ಮೂರು ಚಕ್ರದ್ದೊಂದು ಬಂದಿತ್ತು, ಅದರ ಸಮತೋಲನದ ಬಗ್ಗೆ ಮಾತಾಡುವುದು ಬೇಡ. ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಅಚ್ಚು. ಎರಡು ಬಾಗಿಲು, ಫೈಬರ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ಜನ ಆಟಿಕೆ ಅಂತ ನಕ್ಕರು. ಆದರೆ ಹಗುರ ಇದ್ದದ್ದೇ ಅದರ ಬಲವಾಯಿತು. ರ‍್ಯಾಲಿಗಳಲ್ಲಿ, ಮದರಾಸಿನ ಶೋಲಾವರಂ ಟ್ರ್ಯಾಕಿನಲ್ಲಿ ದಪ್ಪ ದಪ್ಪ ಕಾರುಗಳನ್ನು ಹಿಂದೆ ಹಾಕಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದದ್ದೇ ಡಾಲ್ಫಿನ್ನಿನ ಅಂಗಡಿ ಮುಗಿಯಿತು. ಇವತ್ತು ಕನ್ನಡಿಗರಿಗೆ 1962ರ ಫೆರಾರಿ ಜಿಟಿಒ 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋದದ್ದು ಗೊತ್ತು. ತಮ್ಮದೇ ರಾಜಧಾನಿಯಲ್ಲಿ ಒಂದು ಕಾರು ಹುಟ್ಟಿ, ಗೆದ್ದು, ಸತ್ತದ್ದು ಗೊತ್ತಿಲ್ಲ. ಧರ್ಮಸ್ಥಳದ ಕಾರುಗಳ ಸಂಗ್ರಹ ನೋಡಿ ಬಂದವರು ರೋಲ್ಸ್ ರಾಯ್ಸ್ ಪಕ್ಕ ನಿಂತ ಫೋಟೊ ತೋರಿಸುತ್ತಾರೆ. ಒಳ್ಳೆಯದೇ. ರೋಲ್ಸ್ ರಾಯ್ಸನ್ನು ಉಳಿಸಲು ಲೋಕವೇ ಇದೆ. ಡಾಲ್ಫಿನ್ನಿಗೆ, ಸ್ಟಾರ್ಮಿಗೆ ಇರುವುದು ನಾವಷ್ಟೇ.

ಭಾಮೈದನ ಸ್ಟಾರ್ಮು ಹೀಗಾಯಿತು. ಎಂಜಿನ್ ಅದೇ. ಮೈ ಅದೇ, ಬಿರುಕಿಗೆ ಗುಂಡ್ಲುಪೇಟೆಯ ಫೈಬರ್ ಟ್ಯಾಂಕ್ ರಿಪೇರಿಯವನ ತೇಪೆ. ಪೆಟ್ರೋಲ್ ಪಂಪು ಮಾರುತಿಯದು, ವೈಪರ್ ಮೋಟರು ಓಮ್ನಿಯದು, ಒಂದು ಬುಷ್ಷು ಲೇತಿನಲ್ಲಿ ಕಡೆದದ್ದು. ಬಿಚ್ಚಿದ ಒಂದೊಂದು ಸಾಮಾನನ್ನೂ ಮೆಕ್ಯಾನಿಕ್ಕು ಗೊಬ್ಬರದ ಚೀಲದಲ್ಲಿ ಹಾಕಿ, ಚೀಟಿ ಕಟ್ಟಿ, ಅಟ್ಟದ ಮೇಲಿಟ್ಟಿದ್ದಾನೆ. ಏನನ್ನೂ ಕೊಯ್ದಿಲ್ಲ. ನಾಳೆ ಫ್ರಾನ್ಸಿನಿಂದ ಸಾಮಾನು ಬಂದರೆ ಓಮ್ನಿಯ ಮೋಟರು ಬಿಚ್ಚಿ ಓಮ್ನಿಗೇ ಹಾಕಬಹುದು. ಮಡಿ ಪಂಗಡದವರು ವೈಪರ್ ಮೋಟರಿಗೆ ಮೂಗು ಮುರಿದು ಹೋದವರು ಮತ್ತೆ ಬಂದಿಲ್ಲ. ಮಾಡಿಫೈ ಪಂಗಡದವರು ರೆಕ್ಕೆ ಇಲ್ಲದ ಕಾರು ನೋಡಿ ಬೇಜಾರಾಗಿ ಊಟಿಗೆ ಹೋದರು. ಕಾರು ವಾರಕ್ಕೊಂದು ದಿನ ತೆರಕಣಾಂಬಿಯ ತನಕ ಹೋಗಿ ಬರುತ್ತದೆ. ಎರಡೇ ಸೀಟು, ಒಂದರಲ್ಲಿ ಭಾಮೈದ, ಇನ್ನೊಂದರಲ್ಲಿ ದೊಡ್ಡಪ್ಪ, ಮಳೆ ಬಂದರೆ ಛತ್ರಿ ಹಿಡಿಯುವ ಕೆಲಸ ದೊಡ್ಡಪ್ಪನದು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಕೊಟ್ಟಿಗೆಯಲ್ಲೋ, ಮಾವನ ಮನೆಯ ಹಿತ್ತಲಿನಲ್ಲೋ, ಯಾವುದೋ ಮುಚ್ಚಿದ ಗ್ಯಾರೇಜಿನ ಹಿಂದೆಯೋ ಡಾಲ್ಫಿನ್ ಒಂದು ಬಿದ್ದಿದ್ದರೆ ಗುಜರಿಯವನಿಗೆ ಹಾಕಬೇಡಿ. ಅವನು ತೂಕ ಹಾಕುವುದು ಕಬ್ಬಿಣವನ್ನು. ಫೈಬರಿಗೆ ಅವನು ಹೇಗೂ ಕಾಸು ಕೊಡುವುದಿಲ್ಲ.